ಮುಂಜಾನೆ ಮಾತ್ರ ಚೀರುವ ಬೆಲ್ಟ್

ಕಬ್ಬಿನ ಹಂಗಾಮಿನ ಚಳಿ ದಿನಗಳಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗೂ ಹೊಲದ ಮೇಲೆ ಇಬ್ಬನಿ ಕೂತಿರುತ್ತದೆ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಹಳೆಯ ಫಿಯಾಟ್ ಗಾಡಿಯ ಕೀಲಿ ತಿರುಗಿಸಿದರೆ, ಇಂಜಿನ್ ಎದ್ದ ಕೂಡಲೇ ಬಾನೆಟ್ಟಿನೊಳಗಿಂದ ಕಿವಿ ಸೀಳುವಂಥ ಕೀರಲು ಸದ್ದು ಬರುತ್ತದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಅದೇ ಗಾಡಿಯನ್ನು ಮಧ್ಯಾಹ್ನ ಅಥಣಿಯ ಪೇಟೆಯಲ್ಲಿ ಎಷ್ಟು ಸಲ ನಿಲ್ಲಿಸಿ ಚಾಲೂ ಮಾಡಿದರೂ ಸದ್ದಿಲ್ಲ. ಸಂಜೆ ಹೆಡ್‌ಲೈಟ್ ಹಾಕಿದಾಗ ಮತ್ತೊಮ್ಮೆ ಚೀರುತ್ತದೆ. ಗ್ಯಾರೇಜಿಗೆ ಒಯ್ದರೆ ಉತ್ತರ ಸಿದ್ಧವಿರುತ್ತದೆ: "ಫ್ಯಾನ್ ಬೆಲ್ಟ್ ಚೀರಾಕತ್ತೈತ್ರಿ, ಬಿಗಿ ಮಾಡಿದ್ರ ಆತು."

ಈ ಉತ್ತರ ಅರ್ಧ ನಿಜ. ಬೆಲ್ಟ್ ಸಡಿಲಾಗಿದ್ದೊಂದೇ ಕಾರಣವಾಗಿದ್ದರೆ ಅದು ದಿನವಿಡೀ ಚೀರಬೇಕಿತ್ತು. ಮುಂಜಾನೆ ಎಷ್ಟು ಬಿಗಿ ಇತ್ತೋ ಮಧ್ಯಾಹ್ನವೂ ಅಷ್ಟೇ ಬಿಗಿ ಇದೆ. ಬಿಗಿ ಮಾಡಿಸಿಕೊಂಡು ಬಂದ ಗಾಡಿ ವಾರದೊಳಗೆ ಮತ್ತೆ ಚೀರತೊಡಗುವುದೂ ಉಂಟು. ಬೆಲ್ಟನ್ನು ಮುಟ್ಟದೆ ಬರೀ ದೀಪದ ಗುಂಡಿ ಒತ್ತಿದರೆ ಬೆಲ್ಟ್ ಯಾಕೆ ಅರಚಬೇಕು?

ಇಲ್ಲಿ ಫಿಯಾಟ್ ಎನ್ನುತ್ತಿರುವುದು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಗಾಡಿಯನ್ನು. 1964ರಲ್ಲಿ ಫಿಯಾಟ್ 1100 ಡಿಲೈಟ್ ಎಂದು ಬಂದು, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆದ, 1089 ಸಿಸಿ ಇಂಜಿನ್ನಿನ ಗಾಡಿ ಅದು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯಾಟ್ ಆಗಿಯೇ ಉಳಿಯಿತು. 1983ರಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800ಕ್ಕೂ ಇಲ್ಲಿ ಹೇಳುವ ಮಾತುಗಳೆಲ್ಲ ಅನ್ವಯಿಸುತ್ತವೆ. ಚಿಕ್ಕೋಡಿಯ ಕೆಎ 23 ನಂಬರಿನ ಇಂಥ ಗಾಡಿಗಳನ್ನು ಇಂದಿಗೂ ಜತನದಿಂದ ಓಡಿಸುವವರಿದ್ದಾರೆ. ಅವರಿಗೆ ಈ ಸದ್ದಿನ ಒಳಗುಟ್ಟು ತಿಳಿದಿರಬೇಕು ಎಂಬುದು ನನ್ನ ಆಸೆ. ಯಾಕೆಂದರೆ ಈ ಗಾಡಿಗಳಲ್ಲಿ ಆ ಒಂದೇ ಬೆಲ್ಟು ಕರೆಂಟ್ ಹುಟ್ಟಿಸುವ ಯಂತ್ರವನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಫಿಯಾಟಿನಲ್ಲಿ ರೇಡಿಯೇಟರಿನ ಫ್ಯಾನ್ ಕೂಡ ಆ ಪಂಪಿನ ಮೇಲೆಯೇ ಕೂತಿದೆ. ಬೆಲ್ಟ್ ಜಾರಿದರೆ ಬ್ಯಾಟರಿ ಸೊರಗುತ್ತದೆ, ಇಂಜಿನ್ ಕಾಯುತ್ತದೆ. ಫಿಯಾಟಿನ ಹೆಡ್ ಅಲ್ಯೂಮಿನಿಯಮ್ಮಿನದು. ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ನೂರಾರು ರೂಪಾಯಿಯ ಬೆಲ್ಟನ್ನು ಅಲಕ್ಷಿಸಿದರೆ ಸಾವಿರಾರು ರೂಪಾಯಿಯ ಇಂಜಿನ್ ಕೆಲಸ ಮೈಮೇಲೆ ಬರುತ್ತದೆ.

ದೀಪಕ್ಕೂ ಬೆಲ್ಟಿಗೂ ಏನು ನಂಟು?

ಕರೆಂಟ್ ಹುಟ್ಟಿಸುವ ಯಂತ್ರವಾದ ಆಲ್ಟರ್ನೇಟರಿನೊಳಗೆ ತಂತಿಯ ಸುರುಳಿಗಳ ನಡುವೆ ಒಂದು ಅಯಸ್ಕಾಂತ ತಿರುಗುತ್ತದೆ. ಯಾರೂ ಕರೆಂಟ್ ಕೇಳದಿದ್ದಾಗ ಅದನ್ನು ತಿರುಗಿಸುವುದು ಹಗುರ, ಬೇರಿಂಗಿನ ತಿಕ್ಕಾಟವಷ್ಟೇ. ಕರೆಂಟ್ ಹರಿಯತೊಡಗಿದ ಕೂಡಲೇ ಆ ಸುರುಳಿಗಳು ತಾವೂ ಅಯಸ್ಕಾಂತಗಳಾಗಿ, ತಿರುಗುವುದನ್ನು ಹಿಂದಕ್ಕೆ ಜಗ್ಗುತ್ತವೆ. ಹೆಚ್ಚು ಕರೆಂಟ್ ಕೇಳಿದಷ್ಟೂ ಈ ಹಿಂಜಗ್ಗು ಹೆಚ್ಚು. ವಿದ್ಯುತ್ ಪುಕ್ಕಟೆ ಹುಟ್ಟುವುದಿಲ್ಲ. ದೀಪಕ್ಕೆ ಹೋಗುವ ಪ್ರತಿ ವ್ಯಾಟೂ ಬೆಲ್ಟಿನ ಮೂಲಕವೇ ಬರಬೇಕು.

ಮುಂಜಾನೆ ಸ್ಟಾರ್ಟರ್ ಮೋಟರು ತಣ್ಣಗಿನ ಇಂಜಿನ್ನನ್ನು ಎಬ್ಬಿಸಲು ನೂರಕ್ಕೂ ಹೆಚ್ಚು ಆಂಪಿಯರ್ ಹೀರಿರುತ್ತದೆ. ದಣಿದ ಬ್ಯಾಟರಿ ಕಳೆದುಕೊಂಡದ್ದನ್ನು ಒಮ್ಮೆಗೇ ಕೇಳುತ್ತದೆ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 30 ಆಂಪಿಯರ್ ಕೊಡುತ್ತಿದೆ ಎಂದುಕೊಳ್ಳಿ. ಅದು 420 ವ್ಯಾಟ್. ಒಳಗೇ ಬಿಸಿಯಾಗಿ ಸೋರಿಹೋಗುವುದನ್ನೂ ಸೇರಿಸಿದರೆ, ಬೆಲ್ಟ್ ತಲುಪಿಸಬೇಕಾದದ್ದು 750 ವ್ಯಾಟಿನ ಆಸುಪಾಸು, ಅಂದರೆ ಒಂದು ಅಶ್ವಶಕ್ತಿ. ಇಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ, ಆರು ಸೆಂಟಿಮೀಟರ್ ಅಡ್ಡಗಲದ ಪುಲ್ಲಿಯ ಮೇಲೆ ಇಷ್ಟು ಶಕ್ತಿ ಸಾಗಿಸಲು ಬೆಲ್ಟ್ ಸುಮಾರು 10 ಕಿಲೋ ತೂಕದಷ್ಟು ಎಳೆಯಬೇಕಾಗುತ್ತದೆ. ಗಾಡಿ ಓಡುವಾಗ ಬೆಲ್ಟಿನ ವೇಗ ಹೆಚ್ಚುತ್ತದೆ. ಅಷ್ಟೇ ಶಕ್ತಿಗೆ ಎಳೆತ ನಾಲ್ಕೈದು ಕಿಲೋಗೆ ಇಳಿಯುತ್ತದೆ. ಹಾಗಾಗಿಯೇ ನಿಂತಲ್ಲೇ ಗುರುಗುಟ್ಟುವ ಇಂಜಿನ್ನಿನಲ್ಲಿ ಚೀರಾಟ ಹೆಚ್ಚು.

ಈ 10 ಕಿಲೋ ನೆನಪಿರಲಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಎತ್ತು, ಹಗ್ಗ, ಕಂಬ

ಜಗ್ಗುವ ಎತ್ತನ್ನು ಬರೀ ಕೈಯಿಂದ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ಆದರೆ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದುಕೊಂಡರೆ ಹತ್ತು ವರ್ಷದ ಹುಡುಗನೂ ಎತ್ತನ್ನು ತಡೆಯಬಲ್ಲ. ಹಗ್ಗ ಕಂಬವನ್ನು ತಿಕ್ಕುತ್ತ ಹೋದಂತೆ, ಪ್ರತಿ ಇಂಚಿನಲ್ಲೂ ಎತ್ತಿನ ಬಲದ ಒಂದಿಷ್ಟು ಪಾಲನ್ನು ಕಂಬ ಹೊತ್ತುಕೊಳ್ಳುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದರ ಲೆಕ್ಕ ಹಾಕಿದ. ಫಲಿತಾಂಶ ಬೆರಗು ಹುಟ್ಟಿಸುವಂಥದು. ಸಾಧಾರಣ ಹಗ್ಗವನ್ನು ಕಟ್ಟಿಗೆಯ ಕಂಬಕ್ಕೆ ಒಂದು ಸುತ್ತು ಹಾಕಿದರೆ ಹಿಡಿತ ಸುಮಾರು ಆರೂವರೆ ಪಟ್ಟು. ಎರಡು ಸುತ್ತಿಗೆ ಅದು ಹದಿಮೂರಲ್ಲ, 43 ಪಟ್ಟು. ಮೂರು ಸುತ್ತಿಗೆ 280 ದಾಟುತ್ತದೆ. ಸುತ್ತುಗಳು ಕೂಡುವುದಿಲ್ಲ, ಗುಣಿಸುತ್ತವೆ. ಕಂಬ ದಪ್ಪವಿರಲಿ ತೆಳ್ಳಗಿರಲಿ, ಲೆಕ್ಕ ಬದಲಾಗದು. ಎಷ್ಟು ಸುತ್ತು, ಎಷ್ಟು ಒರಟು ಎಂಬ ಎರಡೇ ಸಂಗತಿಗಳ ಮೇಲೆ ಹಿಡಿತ ನಿಂತಿದೆ.

ಹುಡುಗ ಹಗ್ಗದ ತುದಿಯನ್ನು ಪೂರಾ ಬಿಟ್ಟುಬಿಟ್ಟರೆ ಮಾತ್ರ ಎರಡು ಸುತ್ತೇ ಇರಲಿ ಮೂರು ಸುತ್ತೇ ಇರಲಿ, ಹಗ್ಗ ಸರ್ರನೆ ಜಾರಿಹೋಗುತ್ತದೆ. ಕಂಬ ಹುಡುಗನ ಬಲವನ್ನು 43 ಪಟ್ಟು ಮಾಡಬಲ್ಲದು, ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಬೆಲ್ಟಿನ ಇಡೀ ಕತೆ ಇರುವುದು ಇಲ್ಲಿ.

ಪುಲ್ಲಿಯ ಸುತ್ತ ಓಡುವ ಬೆಲ್ಟಿಗೆ ಎರಡು ಮಗ್ಗುಲು. ಇಂಜಿನ್ ತನ್ನತ್ತ ಎಳೆದುಕೊಳ್ಳುವ ಕಡೆ ಬಿಗಿ ಮಗ್ಗುಲು, ಎತ್ತಿನ ಕಡೆಯ ಹಗ್ಗದ ಹಾಗೆ. ಬಿಟ್ಟುಕೊಡುವ ಕಡೆ ಸಡಿಲು ಮಗ್ಗುಲು. ಇದು ಹುಡುಗನ ಕೈಯಲ್ಲಿನ ತುದಿ. ಎರಡರ ಎಳೆತದ ವ್ಯತ್ಯಾಸವೇ ಆಲ್ಟರ್ನೇಟರನ್ನು ತಿರುಗಿಸುವ ಬಲ. ಸಡಿಲು ಮಗ್ಗುಲು ಎಂದರೂ ಅದರಲ್ಲಿ ಒಂದಿಷ್ಟು ಬಿಗಿ ಇರಲೇಬೇಕು. ಬೆಲ್ಟ್ ಜೋತುಬಿದ್ದಿತೆಂದರೆ ಹುಡುಗ ಹಗ್ಗ ಬಿಟ್ಟ ಹಾಗೆ.

ನಮ್ಮ ಕಡೆಯ ಹಿಟ್ಟಿನ ಗಿರಣಿಗಳಲ್ಲಿ ಈ ಜ್ಞಾನ ಪುಸ್ತಕವಿಲ್ಲದೆಯೇ ಇತ್ತು. ಡೀಸೆಲ್ ಇಂಜಿನ್ನಿನಿಂದ ಬೀಸುವ ಕಲ್ಲಿಗೆ ಹೋಗುವ ಚಪ್ಪಟೆ ಪಟ್ಟಾವನ್ನು ಒಮ್ಮೊಮ್ಮೆ ನಡುವೆ ತಿರುವಿ ಎಂಟರ ಆಕಾರದಲ್ಲಿ ಹಾಕುತ್ತಾರೆ. ಹಾಗೆ ಮಾಡಿದರೆ ಕಲ್ಲು ತಿರುಗುವ ದಿಕ್ಕು ಬದಲಾಗುತ್ತದೆ. ಅದರ ಜೊತೆಗೆ ಪಟ್ಟಾ ಪ್ರತಿ ಪುಲ್ಲಿಯನ್ನೂ ಅರ್ಧ ಸುತ್ತಿಗಿಂತ ಹೆಚ್ಚು ತಬ್ಬುತ್ತದೆ, ಹಿಡಿತ ಬೆಳೆಯುತ್ತದೆ. ಜಾರುವ ಪಟ್ಟಾಕ್ಕೆ ರಾಳದ ಪುಡಿ ಉದುರಿಸುವ ರೂಢಿಯೂ ಒರಟುತನ ಹೆಚ್ಚಿಸುವ ಉಪಾಯವೇ.

ಕಾರಿನ ಬಾನೆಟ್ಟಿನೊಳಗೆ ಅಷ್ಟು ಜಾಗವಿಲ್ಲ. ಆಲ್ಟರ್ನೇಟರಿನ ಪುಲ್ಲಿ ಎಲ್ಲಕ್ಕಿಂತ ಚಿಕ್ಕದು. ಅದು ಜೋರಾಗಿ ತಿರುಗಬೇಕಾದ್ದರಿಂದ ಚಿಕ್ಕದಾಗಿಯೇ ಇರಬೇಕು. ಬೆಲ್ಟ್ ಅದನ್ನು ಅರ್ಧ ಸುತ್ತಿಗಿಂತಲೂ ಕಡಿಮೆ ತಬ್ಬುತ್ತದೆ. ಜಾರಾಟ ಮೊದಲು ಅಲ್ಲೇ ಶುರುವಾಗುತ್ತದೆ.

ಬೆಣೆಯಾಗಿ ಕೂರುವ ರಬ್ಬರು

ಚಪ್ಪಟೆ ರಬ್ಬರಿನ ಬೆಲ್ಟು ಇಷ್ಟೇ ತಬ್ಬಿಕೊಂಡಿದ್ದರೆ ಹಿಡಿತ ಎರಡು ಪಟ್ಟಿಗಿಂತ ಅಷ್ಟೇನೂ ಹೆಚ್ಚಾಗದು. ಅದನ್ನು ನೆಚ್ಚಿಕೊಂಡು ಕಾರು ಓಡದು. ಇದಕ್ಕೆ ಪರಿಹಾರ ಬಂದದ್ದು 1917ರಲ್ಲಿ, ಅಮೆರಿಕದ ಡೆನ್ವರ್ ನಗರದಲ್ಲಿ. ಜಾನ್ ಗೇಟ್ಸ್ ಎಂಬಾತ ರಬ್ಬರು ಮತ್ತು ನೂಲು ಸೇರಿಸಿ, ಮೇಲೆ ಅಗಲ ಕೆಳಗೆ ಕಿರಿದು ಇರುವ ಬೆಲ್ಟ್ ಮಾಡಿದ. ಇಂಗ್ಲಿಷಿನ ವಿ ಅಕ್ಷರದ ಆಕಾರ, ಅದಕ್ಕೇ ವಿ-ಬೆಲ್ಟ್. ಪುಲ್ಲಿಯಲ್ಲೂ ಅದೇ ಆಕಾರದ ತೋಡು.

ಬೆಲ್ಟನ್ನು ಎಳೆದಾಗ ಅದು ಈ ತೋಡಿನೊಳಗೆ ಬೆಣೆಯಂತೆ ಇಳಿಯುತ್ತದೆ. ಎರಡೂ ಕಡೆಯ ಗೋಡೆಗಳು ಅದನ್ನು ಅವುಚಿ ಹಿಡಿಯುತ್ತವೆ. ಗೋಡೆಗಳ ಮೇಲಿನ ಒತ್ತಡ ಚಪ್ಪಟೆ ಪುಲ್ಲಿಯ ಮೇಲಿನದಕ್ಕಿಂತ ಸುಮಾರು ಮೂರು ಪಟ್ಟಾಗುತ್ತದೆ. ತಿಕ್ಕಾಟವೂ ಮೂರು ಪಟ್ಟಾದಂತೆ. ಗುಣಾಕಾರದ ನಿಯಮದಿಂದಾಗಿ ಎರಡು ಪಟ್ಟಿನ ಹಿಡಿತ 11 ಪಟ್ಟಿನವರೆಗೂ ಏರುತ್ತದೆ. ತಂತ್ರಜ್ಞರು ಇಷ್ಟನ್ನೂ ನಂಬುವುದಿಲ್ಲ. ಧೂಳು, ತೇವ, ಸವೆತಕ್ಕೆ ಜಾಗ ಬಿಟ್ಟು 5 ಪಟ್ಟಿನ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ಅದು ಜಾಣತನ ಎಂಬುದು ಮುಂದೆ ಕಾಣುತ್ತದೆ.

ಮುಖ್ಯವಾದ ಮಾತೆಂದರೆ ಈ ಬೆಲ್ಟ್ ಹಿಡಿಯುವುದು ಪಕ್ಕೆಗಳಿಂದ, ತಳದಿಂದಲ್ಲ. ಅದರ ತಳ ತೋಡಿನ ತಳಕ್ಕೆ ಮುಟ್ಟಲೇಬಾರದು.

ಒಂದು ಕಿಲೋ, ನಾಲ್ಕು ಕಿಲೋ, ಎಂಟು ಕಿಲೋ

ಈಗ ಎಲ್ಲವನ್ನೂ ಕೂಡಿಸೋಣ. ಆಲ್ಟರ್ನೇಟರ್ ಕೇಳುವುದು 10 ಕಿಲೋ ಎಳೆತ. ಒಣಗಿದ, ಸರಿಯಾದ ಬೆಲ್ಟಿನ ಹಿಡಿತ 11 ಪಟ್ಟು ಎಂದಿಟ್ಟುಕೊಂಡರೆ ಸಡಿಲು ಮಗ್ಗುಲಿನಲ್ಲಿ ಒಂದು ಕಿಲೋ ಬಿಗಿ ಇದ್ದರೆ ಸಾಕು. ಬಿಗಿ ಮಗ್ಗುಲಿನಲ್ಲಿ 11, ಸಡಿಲಿನಲ್ಲಿ 1, ವ್ಯತ್ಯಾಸ 10.

ಮುಂಜಾನೆ ಇಬ್ಬನಿ ಬಿದ್ದು ಪಕ್ಕೆಗಳು ತೇವಗೊಂಡವು, ತಿಕ್ಕಾಟ ಅರ್ಧಕ್ಕಿಳಿಯಿತು ಎನ್ನಿ. ಹಿಡಿತ ಅರ್ಧವಾಗುವುದಿಲ್ಲ, 11 ಪಟ್ಟಿನಿಂದ ಮೂರು ಚಿಲ್ಲರೆ ಪಟ್ಟಿಗೆ ಕುಸಿಯುತ್ತದೆ. ಅದೇ 10 ಕಿಲೋ ಸಾಗಿಸಲು ಈಗ ಸಡಿಲು ಮಗ್ಗುಲಿನಲ್ಲಿ ನಾಲ್ಕು ಕಿಲೋಗೂ ಹೆಚ್ಚು ಬಿಗಿ ಬೇಕು. ಅಷ್ಟು ಇಲ್ಲದಿದ್ದರೆ ಬೆಲ್ಟ್ ಜಾರುತ್ತದೆ. ಬೆಲ್ಟಿನ ಬಿಗಿ ಬದಲಾಗಿಲ್ಲ, ಬೇಕಾದ ಬಿಗಿ ನಾಲ್ಕು ಪಟ್ಟಾಗಿದೆ.

ಒಂದು ನಿಮಿಷದಲ್ಲಿ ಸದ್ದು ನಿಲ್ಲುವುದಕ್ಕೂ ಕಾರಣ ಸಿಕ್ಕಿತು. ಜಾರಾಟದ ಬಿಸಿಗೆ ತೇವ ಆರುತ್ತದೆ, ಚಳಿಗೆ ಬಿರುಸಾಗಿದ್ದ ರಬ್ಬರು ಮೆತ್ತಗಾಗುತ್ತದೆ. ಅತ್ತ ಬ್ಯಾಟರಿಯ ಹಸಿವೂ ಇಳಿಯುತ್ತದೆ. ಹಿಡಿತ ಏರಿತು, ಬೇಡಿಕೆ ಇಳಿಯಿತು. ಎರಡೂ ಎದುರಾದ ಕ್ಷಣ ಬೆಲ್ಟ್ ಸುಮ್ಮನಾಗುತ್ತದೆ. ಸಂಜೆ ದೀಪ ಹಾಕಿದಾಗ ಬೇಡಿಕೆ ನೂರು ವ್ಯಾಟಿನಷ್ಟು ಮೇಲೇರುತ್ತದೆ. ಅಂಚಿನಲ್ಲಿ ನಿಂತಿದ್ದ ಬೆಲ್ಟ್ ಮತ್ತೆ ಜಾರುತ್ತದೆ.

ಮೂರನೆಯ ಸ್ಥಿತಿ ಎಲ್ಲಕ್ಕಿಂತ ಕೆಟ್ಟದು. ಪಕ್ಕೆಗಳು ಸವೆದ ಬೆಲ್ಟ್ ತೋಡಿನಲ್ಲಿ ಕೆಳಗಿಳಿದು ತಳಕ್ಕೆ ಕೂತುಬಿಡುತ್ತದೆ. ಬೆಣೆಯ ಹಿಡಿತ ಹೋಯಿತು. ವಿ-ಬೆಲ್ಟು ಚಪ್ಪಟೆ ಪಟ್ಟಾ ಆಯಿತು. ಈಗ ಬೇಕಾದದ್ದು ಎಂಟು ಕಿಲೋ. ಇಂಥ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ವಾರದಲ್ಲಿ ಮತ್ತೆ ಚೀರುತ್ತದೆ. ಗ್ಯಾರೇಜಿನ ಅರ್ಧ ಉತ್ತರ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಮಳೆಗಾಲಕ್ಕೂ ಇದೇ ಲೆಕ್ಕ. ಕೃಷ್ಣೆಯ ಕಲ್ಲೋಳ–ಯಡೂರ, ದೂಧಗಂಗೆಯ ಕಾರದಗಾ–ಭೋಜ, ವೇದಗಂಗೆಯ ಜತ್ರಾಟ–ಭೀವಶಿ ಮುಂತಾದ ತಗ್ಗಿನ ಸೇತುವೆಗಳು ಜೋರು ಮಳೆಯಾದಾಗ ಮುಳುಗುತ್ತವೆ. ನೀರಿಳಿದ ಮೇಲೂ ಆ ರಸ್ತೆಗಳಲ್ಲಿ ದಿನಗಟ್ಟಲೆ ಕೆಸರು, ನಿಂತ ನೀರು. ಅದು ಚಿಮ್ಮಿ ಬೆಲ್ಟಿಗೆ ತಾಗಿದಾಗ ಬರೀ ತೇವವಲ್ಲ, ಎರೆಮಣ್ಣಿನ ನುಣ್ಣನೆಯ ರಾಡಿಯೂ ತೋಡಿನಲ್ಲಿ ಸೇರಿಕೊಳ್ಳುತ್ತದೆ. ಒಣಗಿದ ಮೇಲೆ ಅದೇ ಮಣ್ಣು ಪಕ್ಕೆಗಳನ್ನು ಉಜ್ಜಿ ಸವೆಸುತ್ತದೆ.

ಸದ್ದು ಹುಟ್ಟುವ ಬಗೆ

ಜಾರಿದರೆ ಜಾರಲಿ, ಚೀರುವುದೇಕೆ? ನಿಂತ ರಬ್ಬರಿನ ಹಿಡಿತ ಹೆಚ್ಚು, ಜಾರುತ್ತಿರುವ ರಬ್ಬರಿನ ಹಿಡಿತ ಕಡಿಮೆ. ಬೆಲ್ಟಿನ ಒಂದು ತುಣುಕು ಪುಲ್ಲಿಗೆ ಅಂಟಿಕೊಂಡು ಹಿಗ್ಗುತ್ತದೆ, ತಾಳಲಾರದೆ ಕಿತ್ತುಕೊಂಡು ಜಾರುತ್ತದೆ, ಜಾರಿದೊಡನೆ ಹಿಗ್ಗು ಇಳಿದು ಮತ್ತೆ ಅಂಟುತ್ತದೆ. ಈ ಹಿಡಿಜಾರು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ನಡೆಯುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸೆಕೆಂಡಿಗೆ ಎರಡರಿಂದ ಐದು ಸಾವಿರ ಕಂಪನಗಳ ಸದ್ದಿಗೆ. ಹೀಗಾಗಿ ಬೆಲ್ಟಿನ ಚೀರಾಟ ಓಣಿಗೆಲ್ಲ ಕೇಳಿಸುತ್ತದೆ.

ಕೆಲವರು ಇದಕ್ಕೆ ಎಣ್ಣೆಯ ಹನಿ ಬಿಡುತ್ತಾರೆ. ಸದ್ದು ತಕ್ಷಣ ನಿಲ್ಲುತ್ತದೆ, ಜಾರಾಟ ನಿಲ್ಲುವುದಿಲ್ಲ. ಅಂಟಿಕೊಳ್ಳುವ ಭಾಗವೇ ಇಲ್ಲವಾಗಿ ಬೆಲ್ಟ್ ಸದ್ದಿಲ್ಲದೆ ಸತತವಾಗಿ ಜಾರತೊಡಗುತ್ತದೆ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಇದನ್ನು ದಯವಿಟ್ಟು ಮಾಡಬೇಡಿ. ಚೀರುವ ಬೆಲ್ಟ್ ಎಚ್ಚರಿಸುತ್ತದೆ. ಎಣ್ಣೆ ಹಾಕಿದ ಬೆಲ್ಟ್ ಬ್ಯಾಟರಿ ಸತ್ತ ಮೇಲೆಯೇ ತಿಳಿಸುತ್ತದೆ.

ಒಂದು ನಿಮಿಷವೇ ಚೀರಿದರೂ ಅದರ ಗುರುತು ಉಳಿಯುತ್ತದೆ. ಜಾರುವಾಗ ಪೋಲಾಗುವ ಶಕ್ತಿಯೆಲ್ಲ ಆ ಪುಟ್ಟ ಪುಲ್ಲಿಯಲ್ಲಿ ಬಿಸಿಯಾಗುತ್ತದೆ. ಐದರಲ್ಲೊಂದು ಪಾಲು ಜಾರಿದರೂ ನೂರೈವತ್ತು ವ್ಯಾಟ್. ಆ ಬಿಸಿಗೆ ರಬ್ಬರಿನ ಪಕ್ಕೆ ಸುಟ್ಟು ಗಾಜಿನಂತೆ ಹೊಳಪಾಗುತ್ತದೆ. ಹೊಳಪಾದ ಪಕ್ಕೆಯ ಹಿಡಿತ ಇನ್ನೂ ಕಡಿಮೆ, ಮರುದಿನ ಜಾರಾಟ ಇನ್ನೂ ಹೆಚ್ಚು. ಒಂದು ತಿಂಗಳು ಹೋಗಲಿ ಬಿಡು ಎಂದು ಬಿಟ್ಟ ಬೆಲ್ಟು ತನ್ನನ್ನು ತಾನೇ ಹಾಳು ಮಾಡಿಕೊಳ್ಳುವುದು ಹೀಗೆ.

ಪಾನಾ ಹಿಡಿಯುವ ಮೊದಲು

ಇಂಜಿನ್ ಆರಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ತಿರುಗುವ ಬೆಲ್ಟಿನ ಹತ್ತಿರ ಕೈ, ತೋಳಿನ ಬಟ್ಟೆ, ಕೊರಳ ಟವೆಲ್ಲು ಯಾವುದೂ ಹೋಗಬಾರದು. ಇಂಜಿನ್ ತಣ್ಣಗಾದ ಮೇಲೆ ಬೆಲ್ಟನ್ನು ಸ್ವಲ್ಪ ತಿರುವಿ ಪಕ್ಕೆ ನೋಡಿ. ಮಾಸಲು ಕಪ್ಪು ಒಳ್ಳೆಯದು. ಹೊಳಪಿದ್ದರೆ, ಬಿರುಕು ಬಿಟ್ಟಿದ್ದರೆ, ನೂಲು ಹೊರಬಂದಿದ್ದರೆ, ಎಣ್ಣೆ ಕುಡಿದಿದ್ದರೆ ಬಿಗಿ ಮಾಡುವ ಗೋಜಿಗೆ ಹೋಗದೆ ಹೊಸದು ಹಾಕಬೇಕು. ಎಣ್ಣೆ ಎಲ್ಲಿಂದ ಬಂತು ಎಂಬುದನ್ನೂ ಹುಡುಕಬೇಕು. ಇಂಜಿನ್ನಿನ ಮುಂಭಾಗದ ಸೀಲು ಸೋರುತ್ತಿದ್ದರೆ ಹೊಸ ಬೆಲ್ಟಿಗೂ ಅದೇ ಗತಿ.

ಬೆಲ್ಟ್ ಕೂತ ಎತ್ತರ ನೋಡಿ. ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮ ಇರಬೇಕು ಅಥವಾ ಕೂದಲೆಳೆ ಮೇಲಿರಬೇಕು. ಒಳಕ್ಕೆ ಇಳಿದಿದ್ದರೆ ಬೆಲ್ಟ್ ತೆಗೆದು ತೋಡಿನ ತಳ ನೋಡಿ. ತಳದಲ್ಲಿ ಬೆಳ್ಳಗೆ ಹೊಳೆಯುವ ಗೆರೆ ಕಂಡರೆ ಬೆಲ್ಟ್ ಅಲ್ಲಿ ಉಜ್ಜುತ್ತಿದೆ ಎಂದೇ ಅರ್ಥ. ಹೊಸ ಬೆಲ್ಟ್ ಹಾಕಿದರೂ ತಳಕ್ಕೆ ತಾಗಿದರೆ ಪುಲ್ಲಿಯೇ ಸವೆದಿದೆ, ಇಲ್ಲವೆ ಅಳತೆ ತಪ್ಪಿದ ಬೆಲ್ಟ್ ತಂದಿದ್ದೀರಿ. ಉದ್ದ ಸರಿಯಿದ್ದು ಅಗಲ ಕಡಿಮೆಯಿರುವ ಬೆಲ್ಟನ್ನು ಕೊಟ್ಟುಬಿಡುವ ಅಂಗಡಿಗಳಿವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು, ಆದರೆ ಅಗಲವನ್ನು ಹೊಸ ಬೆಲ್ಟಿನ ಅಂಕಿ ನೋಡಿಯೇ ತೀರ್ಮಾನಿಸಬೇಕು. ಹಳೆಯದು ಸವೆದಿರುತ್ತದೆ.

ಆಮೇಲೆ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಉಕ್ಕಿನ ಪಟ್ಟಿ ಹಿಡಿದು ನೋಡಿ. ಸಾಲು ತಪ್ಪಿದ ಬೆಲ್ಟು ಉದ್ದನೆಯ ಚೀರಾಟ ಬಿಟ್ಟು ಚಿಕ್‌ಚಿಕ್ ಎಂದು ಬಿಟ್ಟುಬಿಟ್ಟು ಸದ್ದು ಮಾಡುತ್ತದೆ. ಇವೆರಡನ್ನೂ ಬೇರ್ಪಡಿಸುವ ಸುಲಭ ಪರೀಕ್ಷೆಯೊಂದಿದೆ. ಇಂಜಿನ್ ಚಾಲೂ ಇರುವಾಗ ದೂರದಿಂದ ಬೆಲ್ಟಿಗೆ ತುಸು ನೀರು ಚಿಮುಕಿಸಿ. ಸದ್ದು ಇನ್ನೂ ಹೆಚ್ಚಾದರೆ ಬಿಗಿ ಸಾಲದು. ಸದ್ದು ಅಡಗಿ ಸ್ವಲ್ಪ ಹೊತ್ತಿಗೆ ಮರಳಿದರೆ ಸಾಲು ತಪ್ಪಿದೆ.

ಬಿಗಿ ಮಾಡುವ ಕೆಲಸ ಸರಳ. ಆಲ್ಟರ್ನೇಟರಿನ ಕೆಳಗಿನ ತಿರುಗಣಿಯ ಬೋಲ್ಟನ್ನೂ ಮೇಲೆ ಉದ್ದ ಸೀಳಿರುವ ಪಟ್ಟಿಯ ಬೋಲ್ಟನ್ನೂ ಸಡಿಲಿಸಿ, ಕಟ್ಟಿಗೆಯ ತುಂಡಿನಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಬೇಕು. ಮೀಟುವುದು ಅದರ ಮುಂಭಾಗದ ಗಟ್ಟಿ ಎರಕಕ್ಕೆ ಆನಿಸಿ. ಹಿಂಭಾಗದ ಅಲ್ಯೂಮಿನಿಯಂ ತೆಳು, ಒಡೆಯುತ್ತದೆ. ಬೆಲ್ಟಿನ ಅತಿ ಉದ್ದದ ಹರವಿನ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ 10ರಿಂದ 13 ಮಿಲಿಮೀಟರ್ ತಗ್ಗಿದರೆ ಸಾಮಾನ್ಯವಾಗಿ ಸರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ.

ಬಿಗಿಗೂ ಮಿತಿ ಇದೆ

ಜಾರದಿರಲೆಂದು ತಂತಿಯ ಹಾಗೆ ಎಳೆದು ಕಟ್ಟುವ ಆಸೆಯನ್ನು ತಡೆಯಬೇಕು. ಬೆಲ್ಟಿನ ಎರಡೂ ಮಗ್ಗುಲಿನ ಎಳೆತ ಸೇರಿ ಆಲ್ಟರ್ನೇಟರಿನ ಮತ್ತು ನೀರಿನ ಪಂಪಿನ ಬೇರಿಂಗುಗಳ ಮೇಲೆ ಬೀಳುತ್ತದೆ. ಗುಂಡಿನ ಬೇರಿಂಗಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಆಯಸ್ಸು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹತ್ತು ವರ್ಷ ಬಾಳಬೇಕಾದ ಪಂಪು ಒಂದೂಕಾಲು ವರ್ಷಕ್ಕೆ ಸೋರುತ್ತದೆ. ಹಳೆಯ ಫಿಯಾಟಿಗೆ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಡೈನಮೋಗಳು ಕೊಡುತ್ತಿದ್ದುದು ಸಾಮಾನ್ಯವಾಗಿ 20 ಆಂಪಿಯರಿನ ಆಸುಪಾಸು. ಆಲ್ಟರ್ನೇಟರಿನ ಶಕ್ತಿ ಹೆಚ್ಚು, ಪುಲ್ಲಿ ಚಿಕ್ಕದು. ಬೇಡಿಕೆ ಏರಿದೆ, ತಬ್ಬುವ ಭಾಗ ಕಿರಿದಾಗಿದೆ. ಅಲ್ಲಿ ಚೀರಾಟ ನಿಲ್ಲಿಸಲು ಬಿಗಿಯನ್ನೇ ಏರಿಸುತ್ತ ಹೋಗುವ ಬದಲು, ಬೆಲ್ಟಿನ ಅಗಲಕ್ಕೆ ಒಪ್ಪುವ ತುಸು ದೊಡ್ಡ ಪುಲ್ಲಿ ಹಾಕಿಸುವುದು ಸರಿಯಾದ ದಾರಿ.

ಹೊಸ ಬೆಲ್ಟ್ ಹಾಕಿದ ಮೇಲೆ ಹದಿನೈದು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಬಿಗಿಯನ್ನು ಮತ್ತೊಮ್ಮೆ ಒತ್ತಿ ನೋಡಿ. ಹೊಸ ರಬ್ಬರು ತೋಡಿನಲ್ಲಿ ಕೂತು, ಒಳಗಿನ ನೂಲು ತುಸು ಹಿಗ್ಗಿ, ಮೊದಲ ಬಿಗಿಯಲ್ಲಿ ಒಂದಿಷ್ಟು ಖಂಡಿತ ಇಳಿದಿರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ತೆಗೆದ ಹಳೆಯ ಬೆಲ್ಟ್ ಅಷ್ಟೇನೂ ಹಾಳಾಗಿರದಿದ್ದರೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ರಾತ್ರಿ ಹೊತ್ತು ತವಂದಿ ಘಾಟಿನ ಏರಿನಲ್ಲಿ ಬೆಲ್ಟ್ ಹರಿದರೆ, ನಿಪ್ಪಾಣಿ ಮುಟ್ಟುವಷ್ಟು ದೂರ ಅದು ಎಳೆಯುತ್ತದೆ.